ಹೊಡೆಯುವ ಹುಡುಗ ಕರಾಟೆಗೆ ಸೇರಿದಾಗ

ಮಗನನ್ನು ಕರಾಟೆ ತರಗತಿಗೆ ಸೇರಿಸಬೇಕು ಅಂದಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಮೊದಲೇ ಅವನ ಕೈ ಸುಮ್ನಿರಲ್ಲ. ಇನ್ನು ಹೊಡೆಯೋದನ್ನ ದುಡ್ಡು ಕೊಟ್ಟು ಬೇರೆ ಕಲಿಸ್ತೀರಾ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆಗ ಅವನಿಗೆ ಎಂಟು ವರ್ಷ. ಆಟದಲ್ಲಿ ಸೋತರೆ ಕಾಯಿಗಳನ್ನೆಲ್ಲ ಚೆಲ್ಲಿಬಿಡುತ್ತಿದ್ದ. ತಂಗಿ ಅವನ ಪೆನ್ಸಿಲ್ ಮುಟ್ಟಿದರೆ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು. ಶಾಲೆಯ ಡೈರಿಯಲ್ಲಿ ಮಿಸ್ ಬರೆದು ಕಳಿಸುತ್ತಿದ್ದ ಸಾಲುಗಳೂ ಹೆಚ್ಚುಕಡಿಮೆ ಒಂದೇ ಥರ. ಪಕ್ಕದವನನ್ನು ತಳ್ಳಿದ, ಸಾಲಿನಲ್ಲಿ ನಿಂತಾಗ ಜಗಳ ಮಾಡಿದ. ಆಮೇಲೆ ಅವನೇ ನನ್ನ ಹತ್ತಿರ ಬಂದು ಅಳುತ್ತಿದ್ದ. ಕೆಟ್ಟ ಮನಸ್ಸಿನ ಹುಡುಗ ಅಲ್ಲ. ಸಿಟ್ಟು ಬರುವುದಕ್ಕೂ ಕೈ ಎತ್ತುವುದಕ್ಕೂ ನಡುವೆ ಅವನಿಗೆ ಪುರುಸೊತ್ತೇ ಇರುತ್ತಿರಲಿಲ್ಲ, ಅಷ್ಟೆ. ಬುದ್ಧಿ ಹೇಳಿದರೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಆ ಹೂಂ ಮುಂದಿನ ಜಗಳದ ಹೊತ್ತಿಗೆ ನೆನಪಿಗೆ ಬರುತ್ತಿರಲಿಲ್ಲ.

ಆದರೂ ಸೇರಿಸಿದೆವು. ಈಗ ಅವನಿಗೆ ಹದಿಮೂರು ವರ್ಷ. ತಂಗಿಯೂ ಅದೇ ತರಗತಿಗೆ ಹೋಗುತ್ತಾಳೆ. ಅತ್ತೆ ಅವತ್ತು ಕೇಳಿದ್ದನ್ನೇ ಈಗ ಬೇರೆ ತಾಯಂದಿರು ನನ್ನನ್ನು ಕೇಳುತ್ತಾರೆ. ಒಂದೆರಡು ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಸೇರಿಸುವ ಮೊದಲು ತರಗತಿಗಳನ್ನು ನೋಡಿಕೊಂಡು ಬಂದೆವು. ಮೊದಲು ನೋಡಿದ್ದು ದೊಡ್ಡದು. ಗೋಡೆ ತುಂಬ ಕಪ್‌ಗಳು. ಸೇರಿ ಎರಡು ವಾರವೂ ಆಗದ ಮಕ್ಕಳನ್ನು ಎದುರುಬದುರು ನಿಲ್ಲಿಸಿ ಫೈಟ್ ಮಾಡಿಸುತ್ತಿದ್ದರು. ಹಿಂದೆ ಸರಿದ ಮಗುವನ್ನು ಹೆದರುಪುಕ್ಕಲ ಅಂದರು. ಪೆಟ್ಟು ಚೆನ್ನಾಗಿ ಬಿದ್ದರೆ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನ್ನ ಮಗನ ಕಣ್ಣು ಹೊಳೆಯಿತು. ಅದನ್ನು ನೋಡಿಯೇ ನಾನು ಇಲ್ಲಿ ಬೇಡ ಅಂದೆ.

ಎರಡನೆಯದು ಸಾದಾ ಹಾಲ್. ನಾವು ಹೋದಾಗ ತರಗತಿ ಇನ್ನೂ ಶುರುವಾಗಿರಲಿಲ್ಲ. ನೀಲಿ ಬೆಲ್ಟಿನ ಹುಡುಗಿಯೊಬ್ಬಳು ಮಂಡಿಯೂರಿ ಕೂತು, ಆರೇಳು ವರ್ಷದ ಹುಡುಗನಿಗೆ ಬೆಲ್ಟ್ ಕಟ್ಟುತ್ತಿದ್ದಳು. ಅವನು ಬಿಚ್ಚುತ್ತಿದ್ದ, ಅವಳು ಮತ್ತೆ ಕಟ್ಟುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡು ಅಂದಿರಲಿಲ್ಲ. ಮಕ್ಕಳು ಒಳಗೆ ಬರುವಾಗ ಖಾಲಿ ಹಾಲ್‌ಗೂ ಬಗ್ಗಿ ನಮಸ್ಕರಿಸಿ ಬರುತ್ತಿದ್ದರು. ಮಾಸ್ಟರ್ ನಮಗೆ ಹೇಳಿದ್ದು ಕಡಿಮೆ. "ಬೆಲ್ಟ್ ಎಷ್ಟು ತಿಂಗಳಿಗೆ ಸಿಗುತ್ತೆ ಅಂತ ಕೇಳಬೇಡಿ. ಒಂದು ವರ್ಷ ತಪ್ಪಿಸದೆ ಕಳಿಸ್ತೀರಾ, ಅದನ್ನ ಹೇಳಿ."

ಈ ಎರಡು ತರಗತಿಗಳ ನಡುವಿನ ವ್ಯತ್ಯಾಸ ಬರೀ ಶಿಸ್ತಿನದ್ದಲ್ಲ ಅಂತ ಆಮೇಲೆ ಓದಿ ತಿಳಿಯಿತು. 1986ರಲ್ಲಿ ಅಮೆರಿಕದ ಮೈಕೆಲ್ ಟ್ರುಲ್ಸನ್ ಅನ್ನುವವರು ಒಂದು ಅಧ್ಯಯನ ಪ್ರಕಟಿಸಿದ್ದರು. ಪುಂಡಾಟಿಕೆಗೆ ಇಳಿದಿದ್ದ ಹದಿಹರೆಯದವರನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಟೇಕ್ವಾಂಡೋ ಅನ್ನುವ ಕೊರಿಯಾದ ಹೋರಾಟ ಕಲೆಯನ್ನು ಹಳೆಯ ಪದ್ಧತಿಯಂತೆ ಕಲಿಸಿದರು. ಅಂದರೆ ನಮಸ್ಕಾರ, ಕಣ್ಣು ಮುಚ್ಚಿ ಕೂರುವುದು, ನಡವಳಿಕೆಯ ಪಾಠ, ಎಲ್ಲ ಸೇರಿಸಿ. ಎರಡನೇ ಗುಂಪಿಗೆ ಹೊಡೆತ, ತಡೆ, ಫೈಟ್ ಮಾತ್ರ. ಮೂರನೇ ಗುಂಪಿಗೆ ಓಟ, ಬಾಸ್ಕೆಟ್‌ಬಾಲ್ ಥರದ ಆಟಗಳು. ಆರು ತಿಂಗಳ ನಂತರ ಮೊದಲ ಗುಂಪಿನವರ ಜಗಳಗಂಟಿತನ ಇಳಿದಿತ್ತು. ಎರಡನೇ ಗುಂಪಿನವರದ್ದು ಏರಿತ್ತು! ಗುಂಪುಗಳು ಚಿಕ್ಕವು, ಒಂದೇ ಅಧ್ಯಯನವನ್ನು ಹಿಡಿದುಕೊಂಡು ಎಲ್ಲವನ್ನೂ ಹೇಳಲಾಗದು. ಆದರೂ ನಾನು ಕಣ್ಣಾರೆ ಕಂಡಿದ್ದಕ್ಕೆ ಅದು ತಾಳೆಯಾಗುತ್ತಿತ್ತು. ಒದೆಯುವುದು, ಗುದ್ದುವುದು ಎರಡೂ ಕಡೆ ಒಂದೇ. ಮಗು ಏನಾಗುತ್ತದೆ ಅನ್ನುವುದು ಅದರ ಸುತ್ತ ಏನಿದೆ ಅನ್ನುವುದರ ಮೇಲಿದೆ.

ಮೊದಲ ತಿಂಗಳುಗಳಲ್ಲಿ ಮಗನಿಗೆ ಭಾರಿ ಬೇಜಾರು. ಹಾರಿ ಒದೆಯುವುದನ್ನು ಕಲಿಸುತ್ತಾರೆ ಅಂದುಕೊಂಡು ಹೋಗಿದ್ದ. ಅಲ್ಲಿ ಕಲಿಸಿದ್ದು ನಿಲ್ಲುವುದನ್ನು. ಮುಂದಿನ ಮಂಡಿ ಬಗ್ಗಿರಬೇಕು, ಹಿಂದಿನ ಕಾಲು ನೆಟ್ಟಗಿರಬೇಕು, ಸೊಂಟ ಮೇಲೆ ಕೆಳಗೆ ಆಗಬಾರದು. ಹಾಗೇ ನಡೆಯಬೇಕು. ಹಾಲಿನ ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್. ಮಾಸ್ಟರ್ ಹಿಂದಿನಿಂದ ಬಂದು ಅವನ ಪಾದವನ್ನು ತಮ್ಮ ಪಾದದಿಂದ ಸ್ವಲ್ಪ ಸರಿಸುತ್ತಿದ್ದರು. ಒಂದು ಮಾತಿಲ್ಲ, ಬೈಗುಳವಿಲ್ಲ. ಮುಂದಿನ ಸಾಲಿನಲ್ಲಿ ಮತ್ತೆ ಸರಿಸುತ್ತಿದ್ದರು.

ಈ ಪಾದ ಸರಿಸುವ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ನಮ್ಮ ಹುಡುಗನಿಗೆ ಯಾರಾದರೂ ತಪ್ಪು ತೋರಿಸಿದರೆ ಅವಮಾನ ಆದ ಹಾಗೆ ಆಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಬಿದ್ದರೆ ಇಡೀ ಪುಟ ಹರಿಯುತ್ತಿದ್ದ. ಇಲ್ಲಿ ಒಂದು ಗಂಟೆಯಲ್ಲಿ ಎಷ್ಟೋ ಸಲ ಅವನನ್ನು ತಿದ್ದುತ್ತಿದ್ದರು. ಪಕ್ಕದವನನ್ನೂ ತಿದ್ದುತ್ತಿದ್ದರು. ಕಂದು ಬೆಲ್ಟಿನ ದೊಡ್ಡ ಹುಡುಗನನ್ನಂತೂ ಎಲ್ಲರಿಗಿಂತ ಜಾಸ್ತಿ ತಿದ್ದುತ್ತಿದ್ದರು, ಅವನು ಪ್ರತಿ ಸಲವೂ ಆಯ್ತು ಅನ್ನುವ ಅರ್ಥದಲ್ಲಿ "ಓಸ್" ಅಂತ ತಲೆ ಬಾಗಿಸುತ್ತಿದ್ದ. ತಿದ್ದಿಸಿಕೊಳ್ಳುವುದು ದಡ್ಡರ ಪಾಲಿಗೆ ಮಾತ್ರ ಬರುವುದಲ್ಲ ಅನ್ನುವುದು ಮಗನ ಮೈಗೆ ಹತ್ತಿತು. ಮನೆಯಲ್ಲಿ ನಾನು ಎಷ್ಟು ಹೇಳಿದ್ದರೂ ಹತ್ತದೆ ಇದ್ದದ್ದು ಅದು. ಪುಟ ಹರಿಯುವುದು ನಿಂತದ್ದು ಯಾವ ತಿಂಗಳು ಅಂತ ನನಗೆ ನೆನಪಿಲ್ಲ. ಒಂದು ದಿನ ನೋಡಿದರೆ ರಬ್ಬರ್ ಹಿಡಿದು ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ.

ತರಗತಿಯ ಕೊನೆಗೆ ಮಕ್ಕಳೆಲ್ಲ ಮಂಡಿಯೂರಿ ಕೂತು ಡೋಜೋ ಕುನ್ ಹೇಳುತ್ತಾರೆ. ಐದು ಸಾಲುಗಳ ಪ್ರತಿಜ್ಞೆ ಅದು. ಒಳ್ಳೆಯ ಗುಣ ಬೆಳೆಸಿಕೊಳ್ಳಬೇಕು, ನಂಬಿಕಸ್ಥರಾಗಿರಬೇಕು, ಪ್ರಯತ್ನ ಬಿಡಬಾರದು, ಇನ್ನೊಬ್ಬರಿಗೆ ಮರ್ಯಾದೆ ಕೊಡಬೇಕು, ಸಿಟ್ಟಿನ ಭರದಲ್ಲಿ ಕೈ ಎತ್ತಬಾರದು. ಮಕ್ಕಳು ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಬಾಯಿಪಾಠದಿಂದ ಗುಣ ಬರುವುದಿದ್ದರೆ ನಮ್ಮ ಮನೆಯ ಬುದ್ಧಿಮಾತೇ ಸಾಕಾಗುತ್ತಿತ್ತು. ಆ ಸಾಲುಗಳಿಗೆ ಬೆಲೆ ಬರುವುದು ಅದಕ್ಕಿಂತ ಮುಂಚಿನ ಒಂದು ಗಂಟೆಯಲ್ಲಿ ಮೈ ಏನು ಮಾಡಿತು ಅನ್ನುವುದರಿಂದ.

ಮಕ್ಕಳ ನಡತೆ ತಿದ್ದುವ ಮಾತನ್ನು ತರಗತಿ ನಡೆಸುವವರು ಈಚೆಗೆ ಜಾಹೀರಾತಿಗೆ ಅಂಟಿಸಿಕೊಂಡಿದ್ದು ಅಂತ ಕೆಲವರು ಅನ್ನುತ್ತಾರೆ. ಹಾಗೇನಿಲ್ಲ. ಕರಾಟೆ ಶಾಲೆಯ ಮೆಟ್ಟಿಲು ಹತ್ತಿದ್ದೇ ಮಕ್ಕಳಿಗೋಸ್ಕರ. ಜಪಾನಿನ ಒಕಿನಾವಾ ದ್ವೀಪದಲ್ಲಿ ಅಂಕೋ ಇತೋಸು ಅನ್ನುವ ಗುರು 1901ರ ಹೊತ್ತಿಗೆ ಅದನ್ನು ಪ್ರಾಥಮಿಕ ಶಾಲೆಗೆ ತಂದರು. ಅದಕ್ಕೆ ಮೊದಲು ಅದು ಬಾಗಿಲು ಹಾಕಿಕೊಂಡು ಕೆಲವರಿಗೆ ಮಾತ್ರ ಕಲಿಸುವ ವಿದ್ಯೆಯಾಗಿತ್ತು. ಶಾಲೆಯ ಮಕ್ಕಳಿಗೆ ಹೊಂದುವ ಹಾಗೆ ಪಿನಾನ್ ಅನ್ನುವ ಐದು ಕಟಾಗಳನ್ನು, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೊಡೆತ, ತಡೆಗಳ ಸರಣಿಗಳನ್ನು, ಅವರು ರೂಪಿಸಿದರು. ಅವರ ಶಿಷ್ಯ ಗಿಚಿನ್ ಫುನಾಕೋಶಿ ವೃತ್ತಿಯಿಂದ ಶಾಲಾ ಮೇಷ್ಟ್ರು. 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆಯನ್ನು ತೋರಿಸಿದವರು ಅವರೇ. 1882ರಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ ಕೂಡ ಶಿಕ್ಷಕರೇ. ಮೇಷ್ಟ್ರುಗಳನ್ನು ತಯಾರು ಮಾಡುವ ದೊಡ್ಡ ಶಾಲೆಯ ಮುಖ್ಯಸ್ಥರಾಗಿದ್ದವರು. ಜೂಡೋದಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಬೀಳುವುದನ್ನು. ಪೆಟ್ಟಾಗದ ಹಾಗೆ ಬಿದ್ದು ಏಳಲು ಬಂದ ಮೇಲೆಯೇ ಇನ್ನೊಬ್ಬನನ್ನು ಬೀಳಿಸುವ ಪಾಠ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇತೋಸು 1908ರಲ್ಲಿ ಶಿಕ್ಷಣ ಇಲಾಖೆಗೆ ಬರೆದ ಪತ್ರದಲ್ಲಿ, ಚಿಕ್ಕಂದಿನಿಂದ ಈ ತರಬೇತಿ ಕೊಟ್ಟರೆ ಮಕ್ಕಳು ಮುಂದೆ ಸೈನ್ಯಕ್ಕೂ ಉಪಯೋಗಕ್ಕೆ ಬರುತ್ತಾರೆ ಅನ್ನುವ ಮಾತೂ ಇದೆ. ಸಾಲಿನಲ್ಲಿ ನಿಲ್ಲುವುದು, ಒಂದೇ ಕೂಗಿಗೆ ಎಲ್ಲರೂ ಹೆಜ್ಜೆ ಹಾಕುವುದು, ಇದನ್ನು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. ಅದಕ್ಕೇ ಸುಮ್ನೆ ಶಿಸ್ತು ಇದೆ ಅಂತ ಖುಷಿಪಟ್ಟರೆ ಸಾಲದು. ಆ ಶಿಸ್ತು ಮಗುವಿಗೆ ಏನನ್ನು ಕಲಿಸುತ್ತಿದೆ ಅಂತ ನೋಡುತ್ತಲೇ ಇರಬೇಕು.

ನನ್ನ ಮಗನಿಗೆ ಅದು ಕಲಿಸಿದ್ದು ಮುಖ್ಯವಾಗಿ ಒಂದನ್ನು. ಕೈ ತಡೆಯುವುದನ್ನು.

ಒಂದಷ್ಟು ತಿಂಗಳ ಮೇಲೆ ಮಕ್ಕಳನ್ನು ಜೋಡಿ ಮಾಡಿ ಗೋಹೋನ್ ಕುಮಿಟೆ ಮಾಡಿಸುತ್ತಾರೆ. ಒಬ್ಬ ಐದು ಹೆಜ್ಜೆ ಮುಂದೆ ಬರುತ್ತಾ ಐದು ಪಂಚ್ ಹಾಕಬೇಕು. ಇನ್ನೊಬ್ಬ ಹಿಂದೆ ಸರಿಯುತ್ತಾ ಐದನ್ನೂ ತಡೆಯಬೇಕು, ಕೊನೆಗೆ ಒಂದು ಏಟು ವಾಪಸ್ ಕೊಡಬೇಕು. ಹೊಡೆಯುವವನು ಎಲ್ಲಿಗೆ ಹೊಡೆಯುತ್ತೇನೆ ಅಂತ ಮೊದಲೇ ಕೂಗಿ ಹೇಳಬೇಕು. "ಜೋಡಾನ್" ಅಂದರೆ ಮುಖಕ್ಕೆ. ಹೇಳಿದ ಮೇಲೆ ಬೇರೆ ಕಡೆ ಹೊಡೆಯುವ ಹಾಗಿಲ್ಲ. ಪಂಚ್‌ಗೆ ಪೂರ್ತಿ ಬಲ ಇರಬೇಕು. ತಡೆಯದೆ ಹೋದರೆ ಅದು ಸೀದಾ ಮೂಗಿನ ಕಡೆಗೇ ಬರಬೇಕು. ಆದರೆ ಚರ್ಮಕ್ಕೆ ತಾಗುವ ಮುಂಚೆ ನಿಲ್ಲಬೇಕು.

ನಮ್ಮವನಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ಒಂದು ಸಂಜೆ ಎದುರಿನ ಹುಡುಗನ ತುಟಿ ಒಡೆಯಿತು. ನಾನು ಹಾಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬೈಗುಳ ಬೀಳುತ್ತದೆ ಅಂತ ಕಾದೆ. ಮಾಸ್ಟರ್ ತರಗತಿ ನಿಲ್ಲಿಸಿದರು. ಪೆಟ್ಟು ತಿಂದ ಹುಡುಗನನ್ನು ನೋಡಿದರು. ನನ್ನ ಮಗನ ಕೈಗೆ ಐಸ್ ಕೊಟ್ಟು, "ನೀನೇ ಹಿಡ್ಕೋ ಅವನ ತುಟಿಗೆ" ಅಂದರು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಐಸ್ ಕರಗುವವರೆಗೂ ಇವನು ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಬೇಕಾಯಿತು. ತಾನು ಹೊಡೆದವರ ಮುಖವನ್ನು ಅವನು ಅದುವರೆಗೆ ಹಾಗೆ ನೋಡಿದ್ದೇ ಇಲ್ಲ ಅನ್ನಿಸುತ್ತದೆ. ಮನೆಯಲ್ಲಿ ನಾವು ಹೊಡೆದವನನ್ನು ಒಂದು ಕೋಣೆಗೆ, ಅಳುವವಳನ್ನು ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗುತ್ತೇವಲ್ಲ.

ಮುಂದಿನ ತರಗತಿಯಿಂದ ಅವನಿಗೆ ಬೇರೆ ಅಭ್ಯಾಸ. ಹಗ್ಗಕ್ಕೆ ಒಂದು ಹಾಳೆ ತೂಗುಹಾಕಿ, ಅದಕ್ಕೆ ಪೂರ್ತಿ ಬಲದಿಂದ ಪಂಚ್ ಮಾಡು ಅಂದರು. ತೋಳಿನ ಬಟ್ಟೆ ಫಟ್ ಅನ್ನಬೇಕು, ಹಾಳೆಗೆ ಮುಷ್ಟಿ ತಾಗಬಾರದು. ಮೊದಮೊದಲು ಹಾಳೆ ಹರಿಯಿತು. ಆಮೇಲೆ ಹೆದರಿ ಮೆಲ್ಲಗೆ ಹೊಡೆಯಲು ಶುರು ಮಾಡಿದ. ಅದೂ ಬೇಡ ಅಂದರು ಮಾಸ್ಟರ್. "ಮೆಲ್ಲಗೆ ಹೊಡೆದು ನಿಲ್ಲಿಸೋದು ಯಾರಿಗೆ ಬರಲ್ಲ? ಜೋರಾಗಿ ಬಂದು ನಿಲ್ಲಬೇಕು. ಬ್ರೇಕ್ ಇಲ್ಲದ ಗಾಡಿ ಎಷ್ಟು ಜೋರಾಗಿ ಓಡಿದ್ರೆ ಏನು ಪ್ರಯೋಜನ?"

ಈ ಮಾತು ನನಗೆ ತುಂಬಾ ಹಿಡಿಸಿತು. ಸಿಟ್ಟಿನ ಮಕ್ಕಳಿಗೆ ನಾವು ಸಾಮಾನ್ಯವಾಗಿ ಹೇಳುವುದು ಸಿಟ್ಟು ಮಾಡ್ಕೋಬೇಡ ಅಂತ. ಅದು ಅವರ ಕೈಲಿ ಆಗುವುದಿಲ್ಲ, ಅಲ್ವಾ? ಇಲ್ಲಿ ಯಾರೂ ಅವನ ಬಲವನ್ನು ಕಡಿಮೆ ಮಾಡಿಕೋ ಅನ್ನಲಿಲ್ಲ. ಬಲ ಇರಲಿ, ಇನ್ನೂ ಬೆಳೆಯಲಿ, ಅದು ಎಲ್ಲಿ ನಿಲ್ಲಬೇಕು ಅಂತ ನೀನು ಹೇಳು ಅಂದರು. ಅವನು ತನ್ನನ್ನು ಕೆಟ್ಟವನು ಅಂದುಕೊಳ್ಳಬೇಕಾಗಲಿಲ್ಲ. ತಡೆಯುವುದು ಕೂಡ ಒಂದು ಪಟ್ಟು, ಕಷ್ಟದ ಪಟ್ಟು, ಬಂದರೆ ಹೆಮ್ಮೆ ಪಡುವಂಥದ್ದು ಅಂತ ತಿಳಿಯಿತು.

ಇನ್ನೂ ಒಂದಿದೆ. ಪಾತ್ರ ಅದಲುಬದಲಾಗುತ್ತಿತ್ತು. ಐದು ಪಂಚ್ ಹಾಕಿದವನು ಮರುಕ್ಷಣ ಐದು ಪಂಚ್ ಎದುರಿಸಬೇಕು. ತನ್ನ ಮೂಗಿನ ಮುಂದೆ ಇನ್ನೊಬ್ಬನ ಮುಷ್ಟಿ ಬಂದು ನಿಂತಾಗ, ಅವನು ನಿಲ್ಲಿಸುತ್ತಾನೆ ಅಂತ ನಂಬಿ ನಿಲ್ಲಬೇಕು. ತುಟಿ ಒಡೆಸಿಕೊಂಡ ಆ ಹುಡುಗ ಮರುವಾರ ಮತ್ತೆ ನನ್ನ ಮಗನ ಎದುರೇ ನಿಂತ. ಆ ಮಗುವಿನ ಧೈರ್ಯಕ್ಕೆ ಏನು ಹೇಳಲಿ! ಇವತ್ತಿಗೂ ಅವರಿಬ್ಬರು ಒಳ್ಳೆಯ ಸ್ನೇಹಿತರು.

ಮನೆಯಲ್ಲಿ ಬದಲಾವಣೆ ಕಾಣಿಸಿದ್ದು ನಿಧಾನಕ್ಕೆ, ಅದೂ ತುಂಡುತುಂಡಾಗಿ. ತಂಗಿಯ ಮೇಲೆ ಕೈ ಎತ್ತುವುದು ಒಮ್ಮೆಲೇ ನಿಲ್ಲಲಿಲ್ಲ. ಮೊದಲು ಎತ್ತಿದ ಕೈ ಅರ್ಧದಲ್ಲಿ ನಿಲ್ಲುವುದು ಶುರುವಾಯಿತು. ನಿಂತ ಮೇಲೆ ಏನು ಮಾಡಬೇಕು ಅಂತ ಗೊತ್ತಾಗದೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದ. ಆ ಹೊತ್ತಿಗೆ ನಮಗೆ ಸಹಾಯಕ್ಕೆ ಬಂದದ್ದು ಇನ್ನೊಂದು ಅಧ್ಯಯನ. ಅಮೆರಿಕದಲ್ಲಿ ಕಿಂಬರ್ಲಿ ಲೇಕ್ಸ್ ಮತ್ತು ವಿಲಿಯಂ ಹೋಯ್ಟ್ 2004ರಲ್ಲಿ ಪ್ರಕಟಿಸಿದ್ದು. ಒಂದು ಶಾಲೆಯಲ್ಲಿ ಐದನೇ ತರಗತಿವರೆಗಿನ ಮಕ್ಕಳಲ್ಲಿ ಕೆಲವರಿಗೆ ಮೂರು ತಿಂಗಳು ಟೇಕ್ವಾಂಡೋ ಮಾದರಿಯ ತರಬೇತಿ, ಉಳಿದವರಿಗೆ ಮಾಮೂಲಿ ಆಟದ ಪೀರಿಯಡ್. ತರಬೇತಿ ಪಡೆದ ಮಕ್ಕಳು ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳುವುದರಲ್ಲಿ, ತರಗತಿಯ ನಡವಳಿಕೆಯಲ್ಲಿ ಹೆಚ್ಚು ಸುಧಾರಿಸಿದರು. ಆ ತರಬೇತಿಯಲ್ಲಿ ಮಕ್ಕಳು ತಮಗೆ ತಾವೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ನಾನು ಎಲ್ಲಿದ್ದೇನೆ? ಏನು ಮಾಡುತ್ತಿದ್ದೇನೆ? ಏನು ಮಾಡಬೇಕಾಗಿದೆ?

ಈ ಮೂರನ್ನು ನಾನು ಮನೆಗೆ ತಂದೆ. ಕೈ ಅರ್ಧದಲ್ಲಿ ನಿಂತಾಗ ಬೈಯುವುದನ್ನು ಬಿಟ್ಟು, "ಈಗ ಎಲ್ಲಿದ್ದೀಯ? ಏನು ಮಾಡ್ತಾ ಇದ್ದೀಯ? ಏನು ಮಾಡಬೇಕು?" ಅಂತ ಕೇಳುತ್ತಿದ್ದೆ. ಮೊದಲು ಮುಖ ತಿರುಗಿಸುತ್ತಿದ್ದ. ಬರಬರುತ್ತಾ ಉತ್ತರ ಕೊಡತೊಡಗಿದ. "ಆಚೆ ಹೋಗ್ಬೇಕು" ಅನ್ನುವುದೇ ಅವನ ಮಾಮೂಲು ಉತ್ತರ. ಹೋಗುತ್ತಿದ್ದ ಕೂಡ. ಸ್ವಲ್ಪ ಹೊತ್ತು ಬಿಟ್ಟು ಬರುತ್ತಿದ್ದ. ಅಷ್ಟು ಸಾಕಿತ್ತು ನನಗೆ.

ಇನ್ನು ಬೆಲ್ಟ್ ವಿಷಯ. ಕಪ್ಪು ಬೆಲ್ಟನ್ನು ಮೊದಲು ಬಳಕೆಗೆ ತಂದದ್ದು ಜೂಡೋದವರು, ಕಾನೊ ಅವರ ಕಾಲದಲ್ಲಿ. ಹಳದಿ, ಕಿತ್ತಳೆ, ಹಸಿರು ಅಂತ ಬಣ್ಣಬಣ್ಣದ ಬೆಲ್ಟ್‌ಗಳು ಹರಡಿದ್ದು 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಮಿಕಿನೊಸುಕೆ ಕವಾಯಿಶಿ ಅವರಿಂದ ಅನ್ನುತ್ತಾರೆ. ಕಲಿಯುವವರ ಉತ್ಸಾಹ ಕುಂದಬಾರದು ಅನ್ನುವುದು ಉದ್ದೇಶ. ಮಕ್ಕಳಿಗೆ ಇದು ಬೇಕು, ನಾನು ಒಪ್ಪುತ್ತೇನೆ. ಕಣ್ಣಿಗೆ ಕಾಣುವ ಮೆಟ್ಟಿಲು ಇಲ್ಲದಿದ್ದರೆ ಎಂಟು ವರ್ಷದ ಮಗು ಎಷ್ಟು ದಿನ ಸುಮ್ಮನೆ ನಡೆದೀತು? ಆದರೆ ಫೀಸು ಕಟ್ಟಿದವರಿಗೆಲ್ಲ ಬೆಲ್ಟ್ ಸಿಗುವ ಕಡೆ ಮಗು ಕಲಿಯುವುದು ಬೇರೆಯದನ್ನೇ.

ನನ್ನ ಮಗ ಬೆಲ್ಟ್ ಕೊಡುವ ಒಂದು ಪರೀಕ್ಷೆಯಲ್ಲಿ, ಅಂದರೆ ಗ್ರೇಡಿಂಗ್‌ನಲ್ಲಿ ಫೇಲಾದ. ಹೇಯಾನ್ ಶೋದಾನ್ ಕಟಾ ಮಾಡಿ ತೋರಿಸಬೇಕಿತ್ತು. ಇತೋಸು ಮಾಡಿದ ಪಿನಾನ್ ಕಟಾಗಳೇ ಫುನಾಕೋಶಿ ಅವರ ಕೈಯಲ್ಲಿ ಹೇಯಾನ್ ಆದವು. ಇದರಲ್ಲಿ 21 ಚಲನೆಗಳು. ಎರಡು ಕಡೆ ಜೋರಾಗಿ ಕೂಗಬೇಕು. ಮೂರು ಸಲ ತಲೆಯ ಮೇಲಕ್ಕೆ ತಡೆ ಹಾಕಿ ಕೂಗಿದ ಮೇಲೆ ಮುಕ್ಕಾಲು ಸುತ್ತು ತಿರುಗಬೇಕು. ಮಕ್ಕಳು ಎಡವುವುದು ಅಲ್ಲಿಯೇ. ಎಲ್ಲ ಸರಿಯಾಗಿ ಮಾಡಿದರೆ ಎಲ್ಲಿ ಶುರು ಮಾಡಿದರೋ ಅಲ್ಲಿಗೇ ಬಂದು ನಿಲ್ಲುತ್ತಾರೆ. ನಮ್ಮವನು ಅವಸರದಲ್ಲಿ ತಿರುಗಿದ, ಹೆಜ್ಜೆ ಚಿಕ್ಕದಾಯಿತು, ಕೊನೆಗೆ ಬೇರೆಲ್ಲೋ ನಿಂತ. ಅವನ ಜೊತೆಗೆ ಸೇರಿದವರಿಗೆಲ್ಲ ಹಳದಿ ಬೆಲ್ಟ್ ಬಂತು. ಇವನಿಗೆ ಬರಲಿಲ್ಲ.

ಅವತ್ತು ರಾತ್ರಿ ಮನೆಯಲ್ಲಿ ದೊಡ್ಡ ರಂಪ. ಇನ್ನು ಹೋಗಲ್ಲ ಅಂದ. ಯೂನಿಫಾರ್ಮ್ ಮೂಲೆಗೆ ಎಸೆದ. ನಮ್ಮ ಯಜಮಾನರು ಮಾಸ್ಟರ್‌ಗೆ ಫೋನ್ ಮಾಡಿ, ಇನ್ನೊಮ್ಮೆ ನೋಡಲು ಆಗುತ್ತದಾ ಅಂತ ಕೇಳಿದರು. ಮಾಸ್ಟರ್ ಸಮಾಧಾನವಾಗಿಯೇ ಹೇಳಿದರು. "ಕೊಡಬಹುದು ಸರ್. ಕೊಟ್ಟರೆ ಅವನಿಗೆ ಗೊತ್ತಾಗುತ್ತೆ, ಇದು ಹಾಗೇ ಸಿಗೋ ಬೆಲ್ಟ್ ಅಂತ. ಅವನಿಗೆ ಈಗ ಬೇಜಾರಾಗಲಿ ಬಿಡಿ. ನಾಳೆ ತರಗತಿಗೆ ಮಾತ್ರ ಕಳಿಸಿ."

ಕಳಿಸಿದೆವು. ಹಳದಿ ಬೆಲ್ಟ್ ಬಂದವರು ಮುಂದಿನ ಸಾಲಿಗೆ ಹೋಗಿದ್ದರು, ಇವನು ಹಿಂದಿನ ಸಾಲಿನಲ್ಲೇ ಉಳಿದ. ಮುಖ ಗಂಟು ಹಾಕಿಕೊಂಡೇ ಮಾಡಿದ. ಮಾಸ್ಟರ್ ಅವನನ್ನು ಸಮಾಧಾನ ಮಾಡಲೂ ಇಲ್ಲ, ಚುಚ್ಚಲೂ ಇಲ್ಲ. ಆ ಮುಕ್ಕಾಲು ಸುತ್ತನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಮೊದಲು ತಲೆ ತಿರುಗಬೇಕು, ಆಮೇಲೆ ಕಾಲು, ಆಮೇಲೆ ಸೊಂಟ. ಮುಂದಿನ ಗ್ರೇಡಿಂಗ್‌ನಲ್ಲಿ ಬೆಲ್ಟ್ ಬಂತು. ಅದಕ್ಕಿಂತ ದೊಡ್ಡದು ಅಂತ ನನಗೆ ಕಾಣುವುದು ನಡುವಿನ ಆ ತಿಂಗಳುಗಳು. ಜೊತೆಯವರು ಮುಂದೆ ಹೋದರೂ ದಿನವೂ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲುವುದು ಮಗುವಿಗೆ ಸಣ್ಣ ವಿಷಯವಲ್ಲ. ಶಾಲೆಯಲ್ಲಿ ಅಂಥ ಅವಕಾಶವೇ ಮಕ್ಕಳಿಗೆ ಸಿಗುವುದಿಲ್ಲ. ಅಲ್ಲಿ ಮಾರ್ಕ್ಸ್ ಕಡಿಮೆ ಬಂದರೂ ಪಾಠ ಮುಂದಕ್ಕೆ ಓಡುತ್ತದೆ. ಇಲ್ಲಿ ಅದೇ ಕಡೆಗೆ ವಾಪಸ್ ಬಂದು, ಬರುವವರೆಗೂ ಮಾಡಬೇಕು.

ಮಗಳ ಕಥೆ ಬೇರೆ. ಅವಳು ಯಾರಿಗೂ ಹೊಡೆದವಳಲ್ಲ. ಅವಳ ತೊಂದರೆ ಅಂದರೆ ಧ್ವನಿ. ಹೊರಗಿನವರ ಮುಂದೆ ಬಾಯಿ ಬಿಟ್ಟರೆ ಪಿಸುಮಾತು. ಶಾಲೆಯಲ್ಲಿ ನೀರು ಕುಡಿಯಲು ಹೋಗಬೇಕು ಅಂತ ಕೇಳಲೂ ಹಿಂಜರಿಯುತ್ತಿದ್ದಳು. ಅಣ್ಣನನ್ನು ಬಿಡಲು ಬಂದು ಬಂದು, ನಾನೂ ಸೇರ್ತೀನಿ ಅಂದಳು. ಕರಾಟೆಯಲ್ಲಿ ಕಿಯಾಯ್ ಅಂತ ಇದೆ. ಏಟು ಮುಗಿಯುವ ಕ್ಷಣದಲ್ಲಿ ಹೊಟ್ಟೆಯಿಂದ ಕೂಗುವುದು. ಕೂಗಿದಾಗ ಉಸಿರು ಹೊರಗೆ ಬರುತ್ತದೆ, ಹೊಟ್ಟೆ ಬಿಗಿಯಾಗುತ್ತದೆ, ಏಟಿಗೆ ಇಡೀ ಮೈಯ ಬಲ ಸೇರುತ್ತದೆ. ಎಲ್ಲ ಮಕ್ಕಳೂ ಒಟ್ಟಿಗೆ ಕೂಗುವಾಗ ಅವಳ ಬಾಯಿ ಮಾತ್ರ ಆಡುತ್ತಿತ್ತು.

ಮಾಸ್ಟರ್ ಅವಳನ್ನು ಒಬ್ಬಳನ್ನೇ ನಿಲ್ಲಿಸಿ ಕೂಗು ಅನ್ನಲಿಲ್ಲ. ಎರಡೆರಡು ಮಕ್ಕಳ ಜೋಡಿ ಮಾಡಿ ಕೂಗಿಸಿದರು. ಆಮೇಲೆ ಹಾಲಿನ ಎರಡು ತುದಿಯಲ್ಲಿ ನಿಲ್ಲಿಸಿ, ಆ ತುದಿಯವನಿಗೆ ಕೇಳಿಸುವ ಹಾಗೆ ಕೂಗಿ ಅಂದರು. ಅವಳಿಗೆ ಜೋಡಿಯಾಗಿ ಬಂದವಳು ಅವಳಿಗಿಂತ ಚಿಕ್ಕವಳು. ಚಿಕ್ಕವಳ ಮುಂದೆ ಅವಳಿಗೆ ಸಂಕೋಚ ಕಡಿಮೆ. ಧ್ವನಿ ಹೊರಗೆ ಬಂದ ದಿನ ಅವಳೇ ಬೆಚ್ಚಿದಳು! ಆ ವರ್ಷವೇ ಶಾಲೆಯಲ್ಲಿ ತನ್ನ ಜಾಗದಲ್ಲಿ ಕೂತಿದ್ದ ದೊಡ್ಡ ಹುಡುಗಿಗೆ "ಇದು ನನ್ನ ಜಾಗ, ಏಳಿ" ಅಂದಳಂತೆ. ಅವಳು ಎದ್ದಳಂತೆ. ಒಂದೇ ಹಾಲ್, ಒಬ್ಬರೇ ಮಾಸ್ಟರ್. ಅಣ್ಣನಿಗೆ ಕೈ ಹಿಂದೆ ತೆಗೆಯುವುದನ್ನು ಕಲಿಸಿದರು, ತಂಗಿಗೆ ಧ್ವನಿ ಮುಂದೆ ತರುವುದನ್ನು. ಮಗುವನ್ನು ನೋಡಿ ಕಲಿಸುವವರು ಸಿಕ್ಕರೆ ಮಾತ್ರ ಹೀಗಾಗುತ್ತದೆ.

ಟೂರ್ನಮೆಂಟ್‌ಗಳ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ವಿಶ್ವ ಕರಾಟೆ ಫೆಡರೇಶನ್ ನಿಯಮದ ಪ್ರಕಾರ ಪಂಚ್‌ಗೆ ಒಂದು ಅಂಕ, ಮೈಗೆ ಬಿದ್ದ ಕಿಕ್‌ಗೆ ಎರಡು, ತಲೆಯ ಎತ್ತರದ ಕಿಕ್‌ಗೆ ಮೂರು. ಜೋರಾಗಿ ತಾಗಿಸಿದರೆ ಪೆನಾಲ್ಟಿ. ಪೆಟ್ಟು ಬಿದ್ದಿಲ್ಲದಿದ್ದರೂ ಬಿದ್ದ ಹಾಗೆ ನಟಿಸಿದರೆ ಅದಕ್ಕೂ ಪೆನಾಲ್ಟಿ. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ಮಕ್ಕಳು ಸೋತು ಎದುರಾಳಿಗೆ ಬಗ್ಗಿ ನಮಸ್ಕರಿಸುವುದನ್ನು ನೋಡುವುದೂ ಇಷ್ಟ. ಕಷ್ಟ ಆಗುವುದು ಪಕ್ಕದಲ್ಲಿ ಕೂತ ದೊಡ್ಡವರನ್ನು ನೋಡಿದಾಗ. "ಹೊಡಿ ಅವನಿಗೆ, ಬಿಡಬೇಡ" ಅಂತ ಕೂಗುವ ಅಪ್ಪಂದಿರು. ಸೋತು ಬಂದ ಮಗಳ ಕಡೆ ನೋಡದೆ ಬ್ಯಾಗ್ ಎತ್ತಿಕೊಂಡು ಹೊರಟ ಒಬ್ಬ ಅಮ್ಮ. ಮಗು ಮ್ಯಾಟ್ ಮೇಲೆ ಕಲಿತದ್ದನ್ನೆಲ್ಲ ಆ ಒಂದು ಕ್ಷಣ ಅಳಿಸಿಹಾಕುತ್ತದೆ. ನಮ್ಮ ತರಗತಿಯಲ್ಲಿ ಇದಕ್ಕೆ ಕಟ್ಟುನಿಟ್ಟು. ತಂದೆ ತಾಯಿ ಮಾತಾಡುವ ಹಾಗಿಲ್ಲ, ಚಪ್ಪಾಳೆ ತಟ್ಟುವುದಾದರೆ ಎರಡೂ ಮಕ್ಕಳಿಗೆ.

ಏನು ಬದಲಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಮಗ ಈಗಲೂ ಮಾತಿನಲ್ಲಿ ಚೂಪು. ಕೈ ನಿಂತಿದೆ, ನಾಲಿಗೆ ನಿಂತಿಲ್ಲ. ಹಾಲಿನಲ್ಲಿ ಯೂನಿಫಾರ್ಮ್ ಅಷ್ಟು ನೀಟಾಗಿ ಮಡಿಸುವವನು ಮನೆಯಲ್ಲಿ ಟವೆಲ್ ನೆಲದ ಮೇಲೆ ಬಿಡುತ್ತಾನೆ. ಹೋಮ್‌ವರ್ಕ್ ಮುಗಿಸದೆ ಮುಗಿಸಿದೆ ಅಂದದ್ದೂ ಉಂಟು. ಒಂದು ಕಡೆ ಕಲಿತ ಗುಣ ಇನ್ನೊಂದು ಕಡೆಗೆ ತಾನಾಗಿಯೇ ನಡೆದುಕೊಂಡು ಬರುವುದಿಲ್ಲ. ಮನೆಯವರು, ಶಾಲೆಯವರು ಕೈ ಹಿಡಿದು ಕರೆತರಬೇಕು. ಕರೆತರದಿದ್ದರೆ ಕೆಡುವುದೂ ಸಾಧ್ಯ. ನಾರ್ವೆಯಲ್ಲಿ ಇಂಗರ್ ಎಂಡ್ರೆಸೆನ್ ಮತ್ತು ಡಾನ್ ಓಲ್ವೆಯುಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಪೂರ್ವ ದೇಶಗಳ ಹೋರಾಟ ಕಲೆಗಳು, ಇವುಗಳಿಗೆ ಸೇರಿದ ಹುಡುಗರಲ್ಲಿ ಆಟದ ಆಚೆಯ ಜಗಳ, ಕೆಟ್ಟ ನಡವಳಿಕೆ ಜಾಸ್ತಿಯಾಗಿದ್ದು ಕಂಡುಬಂದಿತ್ತು. ಇದನ್ನು ಓದಿದಾಗ ನನಗೆ ನಾವು ಬಿಟ್ಟುಬಂದ ಆ ಮೊದಲ ತರಗತಿ ಕಣ್ಣ ಮುಂದೆ ಬಂತು. ಕರಾಟೆ ಅಂದರೆ ಸಾಕು, ಮಗು ಸರಿಹೋಗುತ್ತದೆ ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾಗಿ ಕೇಳುವ ತಾಯಂದಿರಿಗೆ ನಾನು ಹೇಳುವುದು ಇಷ್ಟು. ಸೇರಿಸುವ ಮೊದಲು ಒಂದು ತರಗತಿ ಶುರುವಿನಿಂದ ಕೊನೆಯವರೆಗೆ ಕೂತು ನೋಡಿ. ಮಾಸ್ಟರ್ ಬೇಡ ಅಂದರೆ ಬೇರೆ ಕಡೆ ಹುಡುಕಿ. ಚೆನ್ನಾಗಿ ಮಾಡುವ ಮಕ್ಕಳನ್ನು ನೋಡಬೇಡಿ, ಮಾಡಲಾಗದ ಮಗುವಿಗೆ ಏನು ಮಾಡುತ್ತಾರೆ ಅಂತ ನೋಡಿ. ಯಾರಿಗಾದರೂ ಪೆಟ್ಟಾದರೆ ತರಗತಿ ನಿಲ್ಲುತ್ತದಾ, ನಗು ಕೇಳಿಸುತ್ತದಾ? ದೊಡ್ಡ ಬೆಲ್ಟಿನವರು ಚಿಕ್ಕವರ ಜೊತೆ ಹೇಗಿದ್ದಾರೆ? ಹಿಂದಿನ ಗ್ರೇಡಿಂಗ್‌ನಲ್ಲಿ ಎಷ್ಟು ಮಕ್ಕಳು ಫೇಲಾದರು ಅಂತ ಕೇಳಿ. ಯಾರೂ ಇಲ್ಲ ಅಂದರೆ ಯಾಕೆ ಅಂತಲೂ ಕೇಳಿ. ಸೇರಿಸಿದ ಮೇಲೆ ಮೂರು ತಿಂಗಳಿಗೇ ಫಲ ಹುಡುಕಬೇಡಿ, ಒಂದು ವರ್ಷವಾದರೂ ಕೊಡಿ. ಅಷ್ಟರಲ್ಲಿ ಮಗು ಮನೆಯಲ್ಲಿ ಪಂಚ್ ತೋರಿಸಲು ಬಂದರೆ, ನಿಮ್ಮ ಮುಖದ ಹತ್ತಿರಕ್ಕೆ ಹಾಕಿಸಿ ನೋಡಿ, ಎಲ್ಲಿ ನಿಲ್ಲಿಸುತ್ತದೆ ಅಂತ.